ದುಡಿಮೆಯ ಹಿಂದಿನ ಮನಸ್ಸು: ಮಾನವನ ಅಗತ್ಯಗಳು, ಅಭಿಪ್ರೇರಣೆ ಮತ್ತು ನಮ್ಮ ಸಣ್ಣ ಉದ್ದಿಮೆಗಳು

ಸಣ್ಣ ಉದ್ದಿಮೆದಾರರು ನಾಲ್ವರು ಸೇರಿದಲ್ಲಿ ತೆರಿಗೆ, ವಿದ್ಯುತ್ ದರ, ಬ್ಯಾಂಕಿನ ಬಡ್ಡಿ ಇವುಗಳ ಮಾತು ಮುಗಿದ ಮೇಲೆ ತಪ್ಪದೆ ಬರುವ ಮಾತೊಂದಿದೆ. ಅದು "ಆಳು ನಿಲ್ಲುವುದಿಲ್ಲ" ಎಂಬುದು. ಪಂಚಮಿಗೆಂದು ಊರಿಗೆ ಹೋದ ಹುಡುಗ ಮರಳಿ ಬರಲಿಲ್ಲ. ಎರಡು ವರ್ಷ ಕೆಲಸ ಕಲಿತವನು ಪಕ್ಕದ ಶೆಡ್ಡಿನಲ್ಲಿ ಐದುನೂರು ರೂಪಾಯಿ ಹೆಚ್ಚು ಸಿಗುವುದೆಂದು ಹೊರಟುಹೋದ. ಬೋನಸ್ ಹೆಚ್ಚಿಸಿದರೂ ಕೆಲಸದಲ್ಲಿ ಉತ್ಸಾಹ ಹೆಚ್ಚಲಿಲ್ಲ. ತಾರಿಹಾಳ, ಗಾಮನಗಟ್ಟಿ, ರಾಯಾಪುರ, ಬೇಲೂರು ಕೈಗಾರಿಕಾ ಪ್ರದೇಶಗಳ ಯಂತ್ರಗಳ ಮುಂದೆ ನಿಲ್ಲುವ ಯುವಕರಲ್ಲಿ ಅನೇಕರು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಿಂದ ಬರುವವರು. ಅವರ ಬಗ್ಗೆ ಮಾಲೀಕರು ಸಾಮಾನ್ಯವಾಗಿ ಕೊಡುವ ತೀರ್ಪು, "ಈಗಿನ ಹುಡುಗರಿಗೆ ದುಡಿಯುವ ಮನಸ್ಸೇ ಇಲ್ಲ" ಎಂಬುದಾಗಿದೆ.

ಮನಸ್ಸಿಲ್ಲ ಎನ್ನುವುದು ಸುಲಭ. ಮನಸ್ಸು ಹೇಗೆ ಹುಟ್ಟುತ್ತದೆ, ಹೇಗೆ ಬತ್ತುತ್ತದೆ ಎಂಬುದನ್ನು ತಿಳಿಯುವುದು ಕಷ್ಟ. ಮನಃಶಾಸ್ತ್ರ ಹಾಗೂ ಶಿಕ್ಷಣಶಾಸ್ತ್ರಗಳು ಎಂಟು ದಶಕಗಳಿಗೂ ಮಿಕ್ಕಿ ಈ ಪ್ರಶ್ನೆಯನ್ನು ಅಭ್ಯಸಿಸಿವೆ. ಆ ಅಧ್ಯಯನಗಳ ಸಾರವನ್ನು ನಮ್ಮ ಜಿಲ್ಲೆಯ ಅನುಭವಗಳೊಂದಿಗೆ ಹೊಂದಿಸಿ, ವ್ಯಾಪಾರಸ್ಥರಿಗೂ ಸಣ್ಣ ತಯಾರಕರಿಗೂ ಉಪಯುಕ್ತವಾಗುವಂತೆ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಃಖ್ತೆಯಲ್ಲಿ ಕಾಣದ ವೆಚ್ಚ

ವಿಷಯ ಪ್ರವೇಶಕ್ಕೆ ಮುನ್ನ ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಸಂಸ್ಥೆಯ ಅಂಕಿಗಳನ್ನು ಹಾಕಿಕೊಳ್ಳಬಹುದು.

ತಿಂಗಳಿಗೆ 20,000 ರೂಪಾಯಿ ಪಡೆಯುವ ಲೇತ್ ಕೆಲಸಗಾರನೊಬ್ಬ ಬಿಟ್ಟುಹೋದನೆಂದು ಭಾವಿಸಿ. ಅದೇ ಸಂಬಳಕ್ಕೆ ಬಂದ ಹೊಸಬ ಮೊದಲ ತಿಂಗಳು ಕಾಲುಭಾಗ, ಎರಡನೆಯ ತಿಂಗಳು ಅರ್ಧ, ಮೂರನೆಯ ತಿಂಗಳು ಮುಕ್ಕಾಲು ಭಾಗ ಕೆಲಸ ಕೊಟ್ಟರೆ, ಮೂರು ತಿಂಗಳಲ್ಲಿ ಕಳೆದುಹೋದದ್ದು ಒಂದೂವರೆ ತಿಂಗಳ ಸಂಬಳ, ಅಂದರೆ 30,000 ರೂಪಾಯಿ. ಕೆಟ್ಟುಹೋದ ಮಾಲು ತಿಂಗಳಿಗೆ 2,000ದಂತೆ 6,000 ರೂಪಾಯಿ. ತಿಂಗಳಿಗೆ 26,000 ಪಡೆಯುವ ಹಿರಿಯ ಕೆಲಸಗಾರ ದಿನಕ್ಕೊಂದು ತಾಸಿನಂತೆ 75 ದಿನ ಕಲಿಸಿದರೆ, ತಾಸಿಗೆ 125 ರೂಪಾಯಿಯಂತೆ 9,375 ರೂಪಾಯಿ. ಒಟ್ಟು 45,375 ರೂಪಾಯಿ. ಹತ್ತು ಜನರ ಕಾರ್ಖಾನೆಯಲ್ಲಿ ವರ್ಷಕ್ಕೆ ನಾಲ್ವರು ಹೀಗೆ ಹೋದರೆ 1,81,500 ರೂಪಾಯಿ.

ಈ ಮೊತ್ತ ಲಾಭ-ನಷ್ಟದ ಪಟ್ಟಿಯಲ್ಲಾಗಲಿ ಆಸ್ತಿ-ಹೊಣೆಯ ತಃಖ್ತೆಯಲ್ಲಾಗಲಿ ಪ್ರತ್ಯೇಕ ಶೀರ್ಷಿಕೆಯಡಿ ಕಾಣುವುದಿಲ್ಲ. ಅದು ಸಂಬಳ, ಕಚ್ಚಾಮಾಲು, ತಡವಾದ ಆರ್ಡರು ಇವುಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಕಾಣದಿರುವುದರಿಂದಲೇ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಹತ್ತು ಜನರಿಗೂ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚಿಸಿದರೆ ಆಗುವ ವಾರ್ಷಿಕ ವೆಚ್ಚ 1,20,000 ಮಾತ್ರ. ಹಾಗಾದರೆ ಸಂಬಳ ಹೆಚ್ಚಿಸಿಬಿಟ್ಟರೆ ಸಮಸ್ಯೆ ಬಗೆಹರಿಯುವುದೇ? ಕೆಲವೊಮ್ಮೆ ಬಗೆಹರಿಯುತ್ತದೆ, ಅನೇಕ ಬಾರಿ ಬಗೆಹರಿಯುವುದಿಲ್ಲ. ಏಕೆಂಬುದನ್ನು ತಿಳಿಯಲು ಮನುಷ್ಯನ ಅಗತ್ಯಗಳ ಸ್ವರೂಪವನ್ನು ಅರಿಯಬೇಕು.

ಮ್ಯಾಸ್ಲೊ ಗುರುತಿಸಿದ ಐದು ಅಗತ್ಯಗಳು

ಅಮೆರಿಕದ ಮನಃಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಾನವನ ಅಗತ್ಯಗಳನ್ನು ಐದು ವರ್ಗಗಳಾಗಿ ವಿಂಗಡಿಸಿದರು: ಅನ್ನ, ನೀರು, ನಿದ್ರೆಗಳಂತಹ ದೈಹಿಕ ಅಗತ್ಯಗಳು, ಸುರಕ್ಷತೆ, ಪ್ರೀತಿ ಹಾಗೂ ಬಳಗ, ಗೌರವ, ಕೊನೆಯದಾಗಿ ತನ್ನಲ್ಲಿರುವ ಸಾಮರ್ಥ್ಯವನ್ನು ಪೂರ್ಣವಾಗಿ ಅರಳಿಸಿಕೊಳ್ಳುವ ಹಂಬಲ. ಕೆಳಗಿನ ಅಗತ್ಯ ತಕ್ಕಮಟ್ಟಿಗೆ ಪೂರೈಸಿದ ಮೇಲೆ ಮೇಲಿನದು ಮನಸ್ಸನ್ನು ಆಳತೊಡಗುತ್ತದೆ. ಪೂರೈಸಿದ ಅಗತ್ಯ ಮುಂದೆ ಪ್ರೇರಕವಾಗಿ ಉಳಿಯುವುದಿಲ್ಲ ಎಂಬುದು ಅವರ ಪ್ರತಿಪಾದನೆ.

ಇದನ್ನು ನಮ್ಮ ನೆಲದಲ್ಲಿಟ್ಟು ನೋಡಬಹುದು. ಅಣ್ಣಿಗೇರಿಯ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಕೆಲಸ ಹಂಗಾಮಿನದು. ಹತ್ತಿಯ ಆವಕ ನಿಂತೊಡನೆ ಕೆಲಸವೂ ನಿಲ್ಲುತ್ತದೆ. ಹಂಗಾಮಿನ ಕಾಲದಲ್ಲಿ ಎಷ್ಟು ಒಳ್ಳೆಯ ಕೂಲಿ ಕೊಟ್ಟರೂ, ಮುಂದಿನ ತಿಂಗಳ ಚಿಂತೆ ಕೆಲಸಗಾರನ ಮನಸ್ಸಿನಲ್ಲಿ ಕುಳಿತೇ ಇರುತ್ತದೆ. ಅವನು ಬೇಡುತ್ತಿರುವುದು ಹೆಚ್ಚಿನ ಕೂಲಿಯನ್ನಲ್ಲ, ಸುರಕ್ಷತೆಯನ್ನು. ಎರೆಭೂಮಿಯ ಮಳೆಯಾಶ್ರಿತ ಬೇಸಾಯದ ಮನೆಯಿಂದ ಬಂದ ಹುಡುಗನಿಗೂ ಅದೇ ಚಿಂತೆ. ಹೆಸರು, ಕಡಲೆ ಕೈಕೊಟ್ಟ ವರ್ಷ ಮನೆಯ ಸಾಲ ಅವನ ಸಂಬಳದ ಮೇಲೆ ಬೀಳುತ್ತದೆ. ಅಂಥವನಿಗೆ ಎರಡು ಸಾವಿರ ಹೆಚ್ಚಿನ ಸಂಬಳಕ್ಕಿಂತ ಪ್ರತಿ ತಿಂಗಳು ಒಂದೇ ತಾರೀಖಿಗೆ ಬರುವ ಸಂಬಳ ಹೆಚ್ಚು ಬೆಲೆಯುಳ್ಳದ್ದು.

ಶಿಕ್ಷಣದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ. ನಮ್ಮ ರಾಜ್ಯದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ಹಸಿದ ಮಗುವಿನ ಕಿವಿಗೆ ಪಾಠ ಬೀಳದು ಎಂಬ ಸರಳ ಸತ್ಯವೇ ಅದರ ತಳಹದಿ. ಆದರೆ ಊಟವು ಮಗುವನ್ನು ಶಾಲೆಗೆ ತರಬಲ್ಲದು, ಕಲಿಕೆಗೆ ಅಣಿಗೊಳಿಸಬಲ್ಲದು. ಗಣಿತವನ್ನು ತಾನೇ ಕಲಿಸಲಾರದು. ಊಟದ ನಂತರದ ಕೆಲಸ ಶಿಕ್ಷಕರದು. ಹಾಗೆಯೇ ಸಂಬಳದ ನಂತರದ ಕೆಲಸ ಮಾಲೀಕನದು.

ಮ್ಯಾಸ್ಲೊ ಹೆಸರಿನಲ್ಲಿ ಪ್ರಚಾರವಾಗಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಸರಿಪಡಿಸಬೇಕು. ವ್ಯವಸ್ಥಾಪನಾ ಪಠ್ಯಗಳಲ್ಲಿ ಕಾಣುವ ತ್ರಿಕೋನ ಅಥವಾ ಪಿರಮಿಡ್ ಚಿತ್ರ ಅವರ 1943ರ ಪ್ರಬಂಧದಲ್ಲಿಲ್ಲ; ಅದು ಅನಂತರದವರ ಸೃಷ್ಟಿ. ಒಂದು ಅಗತ್ಯ ನೂರಕ್ಕೆ ನೂರು ತೀರಿದ ಮೇಲೆಯೇ ಮುಂದಿನದು ಹುಟ್ಟುತ್ತದೆಂದೂ ಅವರು ಹೇಳಲಿಲ್ಲ. ಸಾಮಾನ್ಯ ಮನುಷ್ಯನ ದೈಹಿಕ ಅಗತ್ಯ ಶೇಕಡಾ 85, ಸುರಕ್ಷತೆ 70, ಪ್ರೀತಿ 50, ಗೌರವ 40, ಸಾಮರ್ಥ್ಯದ ಅರಳುವಿಕೆ 10ರಷ್ಟು ಪೂರೈಸಿರಬಹುದೆಂದು ಕೇವಲ ಉದಾಹರಣೆಗಾಗಿ ಅಂಕಿಗಳನ್ನು ಕೊಟ್ಟು, ಐದೂ ಅಗತ್ಯಗಳು ಏಕಕಾಲಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆಂದು ವಿವರಿಸಿದರು. ಈ ಕ್ರಮಕ್ಕೆ ಅಪವಾದಗಳಿರುವುದನ್ನೂ ಒಪ್ಪಿಕೊಂಡರು. ಆದ್ದರಿಂದ "ಮೊದಲು ಹೊಟ್ಟೆ ತುಂಬಲಿ, ಗೌರವದ ಮಾತು ಆಮೇಲೆ" ಎಂದು ಮುಂದೂಡುವ ಮಾಲೀಕನಿಗೆ ಮ್ಯಾಸ್ಲೊ ಬೆಂಬಲ ದೊರೆಯುವುದಿಲ್ಲ.

ಕುಂದಗೋಳದ ಪಾಠ

ಅಗತ್ಯಗಳ ಈ ಕ್ರಮಕ್ಕೆ ಅಪವಾದವೆನ್ನಬಹುದಾದ ನಿದರ್ಶನ ನಮ್ಮ ಕುಂದಗೋಳದಲ್ಲಿಯೇ ಇದೆ. ಸವಾಯಿ ಗಂಧರ್ವರೆಂದು ಖ್ಯಾತರಾದ ರಾಮಭಾವು ಕುಂದಗೋಳಕರ ಅವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ಗದಗಿನ ಮನೆಯನ್ನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ತೊರೆದ ಭೀಮಸೇನ ಜೋಶಿಯವರು ಉತ್ತರ ಭಾರತವನ್ನೆಲ್ಲ ಅಲೆದು, ಕೊನೆಗೆ ಅವರ ಬಳಿಗೆ ಬಂದು ನಿಂತರು. ಗುರುವಿನ ಮನೆಗೆ ನೀರು ಹೊತ್ತರು, ಮನೆಗೆಲಸ ಮಾಡಿದರು. ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿದ್ದಿಕೊಂಡರು. ಗಂಗೂಬಾಯಿ ಹಾನಗಲ್ ಅವರು 1930ರ ದಶಕದ ಕೊನೆಯ ವರ್ಷಗಳಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತ ಪಾಠ ಹೇಳಿಸಿಕೊಂಡರು. ಅವರ ಶಾಲಾ ಶಿಕ್ಷಣ ಐದನೆಯ ಇಯತ್ತೆಗೆ ನಿಂತಿತ್ತು. ಮನೆಯಲ್ಲಿ ಹಣದ ತಾಪತ್ರಯವಿತ್ತು. ಹಾಡುವ ಹೆಣ್ಣೆಂಬ ಕಾರಣಕ್ಕೆ ಸಮಾಜದ ತಾತ್ಸಾರವಿತ್ತು. ಸುರಕ್ಷತೆ, ಗೌರವ ಎರಡೂ ಕೊರತೆಯಲ್ಲಿದ್ದಾಗಲೇ ಅತ್ಯುನ್ನತ ಅಗತ್ಯ ಅವರನ್ನು ನಡೆಸಿತು. ಮುಂದೆ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಸಂದುದು ಎಲ್ಲರಿಗೂ ತಿಳಿದ ವಿಷಯ.

ಈ ನಿದರ್ಶನದಿಂದ ಉದ್ದಿಮೆದಾರರು ಕಲಿಯಬೇಕಾದದ್ದು ಎರಡು. ಒಂದು, ಕಲಿಯುವವನು ತನ್ನ ಕಣ್ಣೆದುರು ಉನ್ನತ ಕೌಶಲವನ್ನು ಕಾಣಬೇಕು, ಆ ಕೌಶಲಕ್ಕೆ ತಾನು ದಿನದಿಂದ ದಿನಕ್ಕೆ ಹತ್ತಿರವಾಗುತ್ತಿರುವೆನೆಂಬುದು ಅವನಿಗೆ ತಿಳಿಯಬೇಕು. ಶಿಕ್ಷಣ ಮನಃಶಾಸ್ತ್ರವೂ ಇದನ್ನೇ ಹೇಳುತ್ತದೆ. ಚಿಕ್ಕ ಗುರಿ, ತಕ್ಷಣದ ತಿದ್ದುಪಡಿ, ಸಣ್ಣ ಯಶಸ್ಸಿನ ಅನುಭವ ಇವು ಕಲಿಕೆಯ ಹಸಿವನ್ನು ಹೆಚ್ಚಿಸುತ್ತವೆ. ಎರಡು, ಇದನ್ನು ಮಾಲೀಕನ ಅನುಕೂಲಕ್ಕೆ ತಿರುಚಬಾರದು. "ಭೀಮಸೇನರು ನೀರು ಹೊತ್ತು ಕಲಿಯಲಿಲ್ಲವೇ, ನೀನೂ ಎರಡು ವರ್ಷ ಪುಕ್ಕಟೆ ದುಡಿ" ಎನ್ನುವುದು ಗುರುಕುಲವಲ್ಲ. ಕಸಬು ಕಲಿಸುವ ಹೆಸರಿನಲ್ಲಿ ಕಸ ಗುಡಿಸುವುದು, ಚಹಾ ತರುವುದು ಇಷ್ಟನ್ನೇ ಮಾಡಿಸುವ ಕಡೆ ಕಲಿಕೆ ಇರುವುದಿಲ್ಲ. ಅಪ್ರೆಂಟಿಸ್‌ಗಳಿಗೆ ಶಿಷ್ಯವೇತನ ಕೊಡಬೇಕೆಂಬುದು 1961ರ ಅಪ್ರೆಂಟಿಸ್ ಕಾಯಿದೆಯ ವಿಧಿ. ಅಸಾಮಾನ್ಯರ ತ್ಯಾಗವನ್ನು ಸಾಮಾನ್ಯರ ಮೇಲೆ ನಿಯಮವಾಗಿ ಹೇರುವುದು ನ್ಯಾಯವೂ ಅಲ್ಲ, ಲಾಭದಾಯಕವೂ ಅಲ್ಲ.

ತೃಪ್ತಿ ಮತ್ತು ಅತೃಪ್ತಿ: ಎರಡು ಬೇರೆ ಖಾತೆಗಳು

ಮ್ಯಾಸ್ಲೊ ನಂತರ ಉದ್ದಿಮೆಯ ದೃಷ್ಟಿಯಿಂದ ಮುಖ್ಯವಾದ ಹೆಸರು ಫ್ರೆಡರಿಕ್ ಹರ್ಜ್‌ಬರ್ಗ್ ಅವರದು. ಅವರೂ ಅವರ ಸಂಗಡಿಗರೂ ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಮಂದಿಯನ್ನು ಸಂದರ್ಶಿಸಿ 1959ರಲ್ಲಿ ಗ್ರಂಥ ಪ್ರಕಟಿಸಿದರು. ಸಂದರ್ಶಿತರು ಎಂಜಿನಿಯರರು ಹಾಗೂ ಲೆಕ್ಕಿಗರು. ನಮ್ಮ ವೃತ್ತಿಯವರೇ ಅಧ್ಯಯನಕ್ಕೆ ವಸ್ತುವಾದುದು ನನಗೆ ವಿಶೇಷ ಆಸಕ್ತಿಯ ಸಂಗತಿ. ಕೇಳಿದ ಪ್ರಶ್ನೆಗಳು ಸರಳ: ಕೆಲಸದಲ್ಲಿ ನಿಮಗೆ ತುಂಬ ಸಂತೋಷವಾದ ಸಂದರ್ಭ ಯಾವುದು? ತುಂಬ ಬೇಸರವಾದದ್ದು ಯಾವುದು?

ಬೇಸರದ ಕಾರಣಗಳನ್ನು ತಿರುಗಿಸಿ ಹಾಕಿದರೆ ಸಂತೋಷದ ಕಾರಣಗಳು ಸಿಗಬಹುದೆಂದು ನಾವು ಊಹಿಸುತ್ತೇವೆ. ಹಾಗಾಗಲಿಲ್ಲ. ಬೇಸರಕ್ಕೆ ಕಾರಣವಾಗಿ ಹೆಚ್ಚಾಗಿ ಬಂದವು ಸಂಸ್ಥೆಯ ಆಡಳಿತ ಕ್ರಮ, ಮೇಲ್ವಿಚಾರಣೆ, ಸಂಬಳ, ಕೆಲಸದ ಸ್ಥಳದ ಸ್ಥಿತಿ. ಸಂತೋಷಕ್ಕೆ ಕಾರಣವಾಗಿ ಬಂದವು ಸಾಧನೆ, ಮನ್ನಣೆ, ಕೆಲಸದ ಸ್ವರೂಪ, ಜವಾಬ್ದಾರಿ, ಬೆಳವಣಿಗೆ. ಮೊದಲ ಗುಂಪನ್ನು ಅವರು ನೈರ್ಮಲ್ಯ ಅಂಶಗಳೆಂದು ಕರೆದರು. ಚರಂಡಿ ಸ್ವಚ್ಛವಾಗಿದ್ದರೆ ರೋಗ ಬರುವುದಿಲ್ಲ, ಆದರೆ ಅದರಿಂದಲೇ ಶರೀರಕ್ಕೆ ಬಲ ಬರುವುದಿಲ್ಲ. ಸಂಬಳವೂ ಹೀಗೆಯೇ. ಕಡಿಮೆಯಾದರೆ ಸಿಟ್ಟು ಬರಿಸುತ್ತದೆ. ಸರಿಯಾಗಿದ್ದರೆ ಸಿಟ್ಟನ್ನು ಇಳಿಸುತ್ತದೆ. ಆದರೆ ಉತ್ಸಾಹವನ್ನು ಬಹುಕಾಲ ಉಳಿಸಲಾರದು.

ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಅತೃಪ್ತಿ ಒಂದು ಖಾತೆ, ತೃಪ್ತಿ ಇನ್ನೊಂದು ಖಾತೆ. ಒಂದರ ಬಾಕಿಯನ್ನು ಇನ್ನೊಂದರ ಜಮೆಯಿಂದ ತೀರಿಸಲಾಗದು. ಸಂಬಳ ಬಾಕಿ ಉಳಿಸಿಕೊಂಡು ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದರೆ ಶಾಲು ಅಪಹಾಸ್ಯವಾಗಿ ತೋರುತ್ತದೆ. ಸಂಬಳ ಸರಿಯಾಗಿ ಕೊಟ್ಟು, ಹತ್ತು ವರ್ಷವೂ ಒಂದೇ ರಂಧ್ರವನ್ನು ಕೊರೆಯಲು ನಿಲ್ಲಿಸಿದರೆ ಕೆಲಸಗಾರನ ಕೈ ಮಾತ್ರ ಅಲ್ಲಿರುತ್ತದೆ, ಮನಸ್ಸು ಇರುವುದಿಲ್ಲ.

ದೀಪಾವಳಿಯ ಬೋನಸ್ ಏಕೆ ಉತ್ಸಾಹ ತರುವುದಿಲ್ಲವೆಂಬುದಕ್ಕೂ ಇಲ್ಲಿ ಉತ್ತರವಿದೆ. ಅನ್ವಯಿಸುವ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 8.33, ಗರಿಷ್ಠ ಶೇಕಡಾ 20 ಎಂದು 1965ರ ಬೋನಸ್ ಪಾವತಿ ಕಾಯಿದೆ ಹಾಕಿಕೊಟ್ಟ ಮಿತಿಯನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಕನಿಷ್ಠ ಬೋನಸ್ ಕೆಲಸಗಾರನ ಹಕ್ಕು. ಹಕ್ಕನ್ನು ಬಕ್ಷೀಸಿನಂತೆ ಕೈಗಿತ್ತು ಕೃತಜ್ಞತೆಯನ್ನು ನಿರೀಕ್ಷಿಸಿದರೆ ನಿರಾಶೆ ಖಂಡಿತ.

ಹರ್ಜ್‌ಬರ್ಗ್ ಸಿದ್ಧಾಂತಕ್ಕೆ ಬಂದ ಆಕ್ಷೇಪಣೆಯನ್ನೂ ಹೇಳಬೇಕು. ಮನುಷ್ಯ ಯಶಸ್ಸನ್ನು ತನ್ನ ಹೆಸರಿಗೆ, ವೈಫಲ್ಯವನ್ನು ಪರಿಸ್ಥಿತಿಯ ಹೆಸರಿಗೆ ಬರೆದುಕೊಳ್ಳುವ ಸ್ವಭಾವದವನು; ಸಂದರ್ಶನದ ಉತ್ತರಗಳು ಆ ಸ್ವಭಾವದ ಪ್ರತಿಫಲನವಾಗಿರಬಹುದು. ಜೊತೆಗೆ ಅವರು ಕೇಳಿದ್ದು ಸ್ಥಿರ ಸಂಬಳದ ವಿದ್ಯಾವಂತರನ್ನು. ಕುಂದಗೋಳ ಭಾಗದಲ್ಲಿ ಕಿಲೋ ಲೆಕ್ಕದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ಕಿಲೋಗೆ ಒಂದು ರೂಪಾಯಿಯ ಹೆಚ್ಚಳವೇ ಪ್ರಬಲ ಪ್ರೇರಣೆ. ಬಡತನ ಹೆಚ್ಚಿದಷ್ಟೂ ಹಣದ ಧ್ವನಿ ದೊಡ್ಡದು. ಸಿದ್ಧಾಂತವನ್ನು ಬಳಸುವಾಗ ಈ ವಿವೇಚನೆ ಇರಬೇಕು.

ಹೆಮ್ಮೆ ಇದ್ದು ಆದಾಯವಿಲ್ಲದಿದ್ದರೆ

ಎರಡು ಖಾತೆಗಳ ಮಾತಿಗೆ ಎದುರು ಬದಿಯ ನಿದರ್ಶನ ನಮ್ಮ ಪಾರಂಪರಿಕ ಕಸಬುಗಳಲ್ಲಿದೆ. ಕಲಘಟಗಿಯ ಬಣ್ಣದ ತೊಟ್ಟಿಲು ಉತ್ತರ ಕರ್ನಾಟಕದಲ್ಲೆಲ್ಲ ಹೆಸರಾದದ್ದು. ಸಾಗವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣದಿಂದ ಪುರಾಣದ ಪ್ರಸಂಗಗಳನ್ನು ಬರೆಯುವ ಈ ಕೆಲಸದಲ್ಲಿ ಸಾಧನೆ, ಮನ್ನಣೆ, ಕೆಲಸದ ಸೊಗಸು ಎಲ್ಲವೂ ಇವೆ. ಆದರೂ ಅದು ಕೆಲವೇ ಕುಟುಂಬಗಳ ಕೈಯಲ್ಲಿ ಉಳಿದಿದೆ. ವಾರಗಟ್ಟಲೆ ಕುಳಿತು ಮಾಡುವ ದುಡಿಮೆಗೆ ಮಾರುಕಟ್ಟೆ ನಿಯತವಾಗಿ ಬೆಲೆ ಕಟ್ಟದಿದ್ದರೆ, ಮುಂದಿನ ತಲೆಮಾರು ಹೆಮ್ಮೆಯನ್ನು ಮಾತ್ರ ನೆಚ್ಚಿಕೊಂಡು ಕುಂಚ ಹಿಡಿಯುವುದಿಲ್ಲ.

ನವಲಗುಂದದ ಜಮಖಾನೆ ಇನ್ನೊಂದು ಸೂಕ್ಷ್ಮ ಪಾಠವನ್ನು ಕಲಿಸುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಜಮಖಾನೆಯನ್ನು ಮನೆಯೊಳಗೆ ನೆಟ್ಟ ಮಗ್ಗದ ಮೇಲೆ ನೇಯುವವರು ಮಹಿಳೆಯರು. ನೇಯ್ಗೆಯ ಗುಟ್ಟು ಹೊರಗೆ ಹೋಗಬಾರದೆಂದು, ಮದುವೆಯಾಗಿ ಬೇರೆ ಮನೆಗೆ ಹೋಗುವ ಹೆಣ್ಣುಮಕ್ಕಳಿಗೆ ಕಲಿಸದೆ ಮನೆಗೆ ಬಂದ ಸೊಸೆಯರಿಗೆ ಕಲಿಸುವ ರೂಢಿ ಇದ್ದುದಾಗಿ ದಾಖಲಾಗಿದೆ. ಇದನ್ನು ಸಂಕುಚಿತ ಬುದ್ಧಿಯೆಂದು ಜರಿಯುವುದು ತರವಲ್ಲ. ತನ್ನ ಅನ್ನ ತನ್ನ ಗುಟ್ಟಿನಲ್ಲಿದೆ ಎಂದು ತಿಳಿದವರು ಗುಟ್ಟನ್ನು ಕಾಯುವುದು ಸಹಜ. ಸುರಕ್ಷತೆಯ ಅಗತ್ಯ ಕಲಿಸುವ ಇಚ್ಛೆಯನ್ನು ತಡೆಯುತ್ತದೆ. ಅದರ ಪರಿಣಾಮವಾಗಿ ಕಲಿತವರ ಸಂಖ್ಯೆ ಕುಗ್ಗುತ್ತ ಹೋಗುತ್ತದೆ.

ಇದೇ ಭಯ ನಮ್ಮ ವರ್ಕ್‌ಶಾಪುಗಳಲ್ಲಿಯೂ ಇದೆ. ಹಿರಿಯ ಮೇಸ್ತ್ರಿ ಹೊಸ ಹುಡುಗನಿಗೆ ಟೂಲ್ ಸಾಣೆ ಹಿಡಿಯುವ ಕೋನವನ್ನು ತೋರಿಸುವುದಿಲ್ಲ. ಸೆಟ್ಟಿಂಗ್ ಮಾಡುವಾಗ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಮಾಲೀಕ ಅದನ್ನು ಅಹಂಕಾರವೆನ್ನುತ್ತಾನೆ. ಹುಡುಗ ಕಲಿತ ದಿನ ತನ್ನನ್ನು ಮನೆಗೆ ಕಳುಹಿಸಿ ಕಡಿಮೆ ಸಂಬಳದವನನ್ನು ಇಟ್ಟುಕೊಳ್ಳುವರೆಂಬ ಭಯ ಆ ಮೇಸ್ತ್ರಿಗೆ ಇರಬಹುದೆಂದು ಅವನು ಯೋಚಿಸುವುದಿಲ್ಲ. ಕಲಿಸುವವನ ಭಯವನ್ನು ನೀಗಿಸದೆ ಕಲಿಯುವವನಿಗೆ ಎಷ್ಟು ಉಪದೇಶ ಮಾಡಿದರೂ ಕಲಿಕೆ ನಡೆಯದು.

ಬಹುಮಾನದ ಮಿತಿ

ಪ್ರತಿಯೊಂದಕ್ಕೂ ಇನಾಮು ಘೋಷಿಸುವ ಪದ್ಧತಿ ಕೆಲವು ಸಂಸ್ಥೆಗಳಲ್ಲಿದೆ. ಇದರ ಬಗ್ಗೆ ಎರಡು ಪ್ರಯೋಗಗಳು ಎಚ್ಚರಿಕೆ ನೀಡುತ್ತವೆ. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಸಕ್ತಿದಾಯಕ ಒಗಟನ್ನು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಆ ಒಗಟಿನತ್ತ ಮೊದಲಿಗಿಂತ ಕಡಿಮೆ ಒಲವು ತೋರಿದರು. ಲೆಪ್ಪರ್, ಗ್ರೀನ್, ನಿಸ್ಬೆಟ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಒಂದು ಗುಂಪಿಗೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಕೆಲವು ದಿನಗಳ ನಂತರ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಗಿತ್ತು. ಮೊದಲು ಹೇಳದೆ ಅನಿರೀಕ್ಷಿತವಾಗಿ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ತಾತ್ಪರ್ಯವಿಷ್ಟು: ತಾನಾಗಿ ಇಷ್ಟಪಟ್ಟು ಮಾಡುವ ಕೆಲಸಕ್ಕೆ ಷರತ್ತಿನ ಇನಾಮು ಕಟ್ಟಿದರೆ ಇಷ್ಟವು ವ್ಯಾಪಾರವಾಗುತ್ತದೆ. ಯಂತ್ರ ಒರೆಸಿದರೆ ಐವತ್ತು, ದೋಷ ತೋರಿಸಿದರೆ ನೂರು ಎಂದು ದರಪಟ್ಟಿ ಹಾಕಿದ ಮೇಲೆ, ದರಪಟ್ಟಿಯಲ್ಲಿಲ್ಲದ ಯಾವ ಕೆಲಸವನ್ನೂ ಯಾರೂ ತಾವಾಗಿ ಮಾಡುವುದಿಲ್ಲ. ಒಳ್ಳೆಯ ಕೆಲಸವನ್ನು ಕಂಡಾಗ ನಾಲ್ವರ ಮುಂದೆ ಮೆಚ್ಚುವುದು, ಹೇಳದೆ ಒಂದು ಕಾಣಿಕೆ ಕೊಡುವುದು ಇದಕ್ಕಿಂತ ಫಲಕಾರಿ. ಸ್ವಾತಂತ್ರ್ಯ, ಸಾಮರ್ಥ್ಯದ ಅರಿವು, ಆತ್ಮೀಯ ಸಂಬಂಧ ಈ ಮೂರೂ ಮನಸ್ಸಿನ ಮೂಲ ಅಗತ್ಯಗಳೆಂದು ಡೆಸಿ ಹಾಗೂ ರಯಾನ್ ಮುಂದೆ ವಿಸ್ತಾರವಾಗಿ ಪ್ರತಿಪಾದಿಸಿದರು.

ಕಾಕಿನಾಡದ ಪ್ರಯೋಗ

ಇದುವರೆಗೆ ಕೆಲಸಗಾರರ ಮಾತಾಯಿತು. ಮಾಲೀಕನ ಪ್ರೇರಣೆಯ ಬಗ್ಗೆಯೂ ಮನಃಶಾಸ್ತ್ರ ಹೇಳುವುದಿದೆ. ಅದರ ಪ್ರಸಿದ್ಧ ಪ್ರಯೋಗವೊಂದು ನಡೆದದ್ದು ನೆರೆಯ ಆಂಧ್ರಪ್ರದೇಶದಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಮೆಕ್‌ಕ್ಲೆಲೆಂಡ್ ಅವರು ಸಾಧನಾ ಪ್ರೇರಣೆಯನ್ನು ಹುಟ್ಟುಗುಣವೆಂದು ಬಿಡದೆ, ತರಬೇತಿಯಿಂದ ಬೆಳೆಸಬಹುದೇ ಎಂದು ಪರೀಕ್ಷಿಸಿದರು. 1964-65ರ ಸುಮಾರಿಗೆ ಕಾಕಿನಾಡದ ಸಣ್ಣ ವ್ಯಾಪಾರಿಗಳೂ ಉದ್ದಿಮೆದಾರರೂ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಸುಮಾರು ಹತ್ತು ದಿನಗಳ ಶಿಬಿರಗಳಲ್ಲಿ ಪಾಲ್ಗೊಂಡರು. ತರಬೇತಿ ಪಡೆಯದವರೊಂದಿಗೆ ಹೋಲಿಸಿದಾಗ, ಮುಂದಿನ ಸುಮಾರು ಎರಡು ವರ್ಷಗಳಲ್ಲಿ ಇವರು ಹೊಸ ಉದ್ದಿಮೆ ಆರಂಭಿಸುವುದು, ಬಂಡವಾಳ ಹೂಡುವುದು, ಉದ್ಯೋಗ ಕೊಡುವುದು ಹೆಚ್ಚಾಗಿ ಕಂಡುಬಂತು. ಡೇವಿಡ್ ವಿಂಟರ್ ಜೊತೆ ಅವರು ಬರೆದ ಗ್ರಂಥ 1969ರಲ್ಲಿ ಪ್ರಕಟವಾಯಿತು.

ಸಾಧನಾ ಪ್ರೇರಣೆಯ ಅಧ್ಯಯನಗಳಲ್ಲಿ ಉಂಗುರ ಎಸೆಯುವ ಆಟವೊಂದಿದೆ. ಗೂಟದಿಂದ ಎಷ್ಟು ದೂರ ನಿಲ್ಲಬೇಕೆಂಬುದು ಆಟಗಾರನ ಇಚ್ಛೆ. ಸೋಲಿನ ಭಯವುಳ್ಳವರಲ್ಲಿ ಕೆಲವರು ತೀರ ಹತ್ತಿರ ನಿಲ್ಲುತ್ತಾರೆ, ಇನ್ನು ಕೆಲವರು ಸೋತರೂ ಯಾರೂ ಆಡಿಕೊಳ್ಳದಷ್ಟು ದೂರ ನಿಲ್ಲುತ್ತಾರೆ. ಸಾಧನೆಯ ಹಂಬಲವುಳ್ಳವರು ಪ್ರಯತ್ನಪಟ್ಟರೆ ಗೆಲ್ಲಬಹುದಾದ ಮಧ್ಯಮ ದೂರವನ್ನು ಆರಿಸುತ್ತಾರೆ. ಗುರಿ ನಿಗದಿಪಡಿಸುವ ಪ್ರತಿ ಮಾಲೀಕನೂ ಪ್ರತಿ ಶಿಕ್ಷಕನೂ ಇದನ್ನು ನೆನಪಿಡಬೇಕು. ತೀರ ಸುಲಭದ ಗುರಿಯೂ ಅಸಾಧ್ಯದ ಗುರಿಯೂ ಮನಸ್ಸನ್ನು ಸಮಾನವಾಗಿ ಮಲಗಿಸುತ್ತವೆ.

ಕರ್ನಾಟಕದಲ್ಲಿ ಈ ಚಿಂತನೆಗೆ ಬೇರುಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಕಸಬಿನ ಜೊತೆ ಆತ್ಮವಿಶ್ವಾಸದ ತರಬೇತಿಯನ್ನೂ ನೀಡಿ ದೇಶಕ್ಕೇ ಮಾದರಿಯಾಯಿತು. ಧಾರವಾಡದಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ, ಅಂದರೆ ಸಿಡಾಕ್, ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ. ಕಾಕಿನಾಡದ ಅಧ್ಯಯನದಿಂದ ಒಂದು ಅಂಶವನ್ನು ಮಾತ್ರ ಮರೆಯಬಾರದು. ವ್ಯವಹಾರದ ತೀರ್ಮಾನ ತಮ್ಮ ಕೈಯಲ್ಲಿದ್ದವರಲ್ಲಿ ತರಬೇತಿಯ ಫಲ ಹೆಚ್ಚು ಕಂಡಿತು. ತರಬೇತಿಗೆ ಕಳುಹಿಸಿ, ಮರಳಿ ಬಂದ ಮೇಲೆ ಒಂದು ನಟ್ಟು ಬದಲಿಸಲೂ ಅಪ್ಪಣೆ ಕೇಳಬೇಕೆಂದರೆ ತರಬೇತಿಯ ಶುಲ್ಕ ವ್ಯರ್ಥ. ತಂದೆಯ ಅಂಗಡಿಯಲ್ಲಿ ನಲವತ್ತರ ಹರೆಯದಲ್ಲಿಯೂ ಗಲ್ಲೆಯ ಕೀಲಿ ಸಿಗದ ಮಗನಿಗೂ ಈ ಮಾತು ಅನ್ವಯಿಸುತ್ತದೆ.

ಕಾರ್ಯರೂಪಕ್ಕೆ ತರಬಹುದಾದ ಕೆಲವು ಕ್ರಮಗಳು

1. ಮೊದಲು ಬಾಕಿಗಳನ್ನು ತೀರಿಸಿ. ನಿಗದಿತ ತಾರೀಖಿಗೆ ಸಂಬಳ, ಭವಿಷ್ಯ ನಿಧಿ ಹಾಗೂ ಇ.ಎಸ್.ಐ. ವಂತಿಗೆಯ ಸಕಾಲಿಕ ಪಾವತಿ, ಶುದ್ಧ ಕುಡಿಯುವ ನೀರು, ಶೌಚಾಲಯ. ಇವಿಲ್ಲದೆ ಮುಂದಿನ ಯಾವ ಕ್ರಮವೂ ಫಲಿಸದು.

2. ಕೌಶಲದ ಮೆಟ್ಟಿಲುಗಳನ್ನು ಬರೆದು ಗೋಡೆಗೆ ಹಾಕಿ. ನಿಮ್ಮ ಕಾರ್ಖಾನೆಯಲ್ಲಿ ಕಲಿಯಬಹುದಾದ ಹತ್ತು ಕೆಲಸಗಳು ಯಾವುವು, ಯಾರು ಎಷ್ಟು ಕಲಿತಿದ್ದಾರೆ, ಪ್ರತಿ ಮೆಟ್ಟಿಲಿಗೆ ಸಂಬಳ ಎಷ್ಟು ಏರುತ್ತದೆ ಎಂಬುದು ಎಲ್ಲರಿಗೂ ಕಾಣಲಿ.

3. ಕಲಿಸುವ ಹಿರಿಯನಿಗೆ ಕಲಿಸುವ ಭತ್ಯೆ ಕೊಡಿ. ಹುಡುಗ ಕಲಿತ ಕಾರಣಕ್ಕೆ ಅವನ ಕೆಲಸ ಹೋಗದೆಂಬ ಭರವಸೆಯನ್ನು ಬರಹದಲ್ಲಿ ಕೊಡಿ. ಮೇಲಿನ ಲೆ​ಕ್ಕದಂತೆ ಒಬ್ಬ ಹೊಸಬ ನಿಂತರೂ ಈ ವೆಚ್ಚ ಹೊರಟುಬರುತ್ತದೆ.

4. ತಪ್ಪನ್ನು ಅದೇ ದಿನ, ಒಬ್ಬನೇ ಇರುವಾಗ ತಿದ್ದಿ; ಒಳ್ಳೆಯದನ್ನು ಅದೇ ದಿನ, ನಾಲ್ವರ ಮುಂದೆ ಹೇಳಿ. ಹೆಸರು ಹಿಡಿದು ಕರೆಯಿರಿ. ವಯಸ್ಸಿನಲ್ಲಿ ಹಿರಿಯರನ್ನು ಬಹುವಚನದಲ್ಲಿ ಮಾತನಾಡಿಸಿ. ಇದಕ್ಕೆ ಖರ್ಚಿಲ್ಲ.

5. ತಿಂಗಳಿಗೊಮ್ಮೆ ಅರ್ಧ ತಾಸು ಕುಳಿತು ಕೆಲಸಗಾರರ ಸಲಹೆ ಕೇಳಿ. ಒಂದು ಸಲಹೆಯನ್ನಾದರೂ ಜಾರಿಗೆ ತನ್ನಿ. ತರಲಾಗದಿದ್ದರೆ ಕಾರಣ ತಿಳಿಸಿ.

6. ಬಿತ್ತನೆ, ಸುಗ್ಗಿ, ಪಂಚಮಿ, ಊರ ಜಾತ್ರೆ ಇವುಗಳ ರಜೆಯನ್ನು ವರ್ಷದ ಆರಂಭದಲ್ಲಿಯೇ ಸರದಿಯಂತೆ ಬರೆದಿಡಿ. ಹಳ್ಳಿಯ ನಂಟು ಕೆಲಸದ ವೈರಿಯಲ್ಲ. ರಜೆ ಕೇಳಲು ಹೆದರಿದವನೇ ಹೇಳದೆ ಹೋಗುವವನು.

7. ಬಿಟ್ಟುಹೋದವರ ಒಂದು ವಹಿ ಇಡಿ. ಯಾರು, ಎಷ್ಟು ಕಾಲದ ನಂತರ, ಯಾವ ಕಾರಣಕ್ಕೆ ಹೋದರು, ಅದರಿಂದಾದ ವೆಚ್ಚವೆಷ್ಟು ಎಂಬುದನ್ನು ದಾಖಲಿಸಿ, ವರ್ಷಾಂತ್ಯದಲ್ಲಿ ತಃಖ್ತೆಯೊಂದಿಗೆ ಓದಿ. ಕಾರಣವನ್ನು ಮೇಲ್ವಿಚಾರಕನ ಬಾಯಿಂದಲ್ಲ, ಹೋದವನ ಬಾಯಿಂದಲೇ ಕೇಳಿ.

ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಸ್ಥಾನ ಕೊಟ್ಟರು. ದುಡಿಮೆಯ ಫಲವನ್ನು ಹಂಚುವುದನ್ನು ದಾಸೋಹವೆಂದರು. ಕಾಯಕದ ಮಾತನ್ನು ಕೆಲಸಗಾರರಿಗೆ ಹೇಳುವ ಉತ್ಸಾಹ ನಮ್ಮಲ್ಲಿ ಬಹಳ ಇದೆ. ಆದರೆ ಆ ಪರಂಪರೆಯಲ್ಲಿ ಇವೆರಡೂ ಜೊತೆಯಾಗಿಯೇ ಬಂದವು. ಒಂದನ್ನು ಆಳಿಗೆ, ಇನ್ನೊಂದನ್ನು ಮುಂದಿನ ವರ್ಷಕ್ಕೆ ಎಂದು ಬೇರ್ಪಡಿಸಲು ಬಾರದು.

ಆಧುನಿಕ ಮನಃಶಾಸ್ತ್ರ ಹೇಳುವುದೂ ಇದಕ್ಕಿಂತ ದೂರದ್ದೇನಲ್ಲ. ನ್ಯಾಯವಾದ ಕೂಲಿ, ನಾಳೆಯ ಭರವಸೆ ಇಲ್ಲದ ಕಡೆ ಕಲಿಕೆ ಮತ್ತು ಗೌರವದ ಮಾತು ಪೊಳ್ಳಾಗುತ್ತದೆ. ಕಲಿಕೆ, ಗೌರವ, ತೀರ್ಮಾನದಲ್ಲಿ ಪಾಲು ಇಲ್ಲದ ಕಡೆ ಕೂಲಿ ಎಷ್ಟು ಏರಿಸಿದರೂ ಪಕ್ಕದ ಶೆಡ್ಡು ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ಕರೆದೊಯ್ಯುತ್ತದೆ. ಮೊದಲನೆಯದನ್ನು ಪೂರೈಸಿದವನಿಗೆ ಮಾತ್ರ ಎರಡನೆಯದನ್ನು ಕುರಿತು ಮಾತನಾಡುವ ಅಧಿಕಾರ. ಎರಡನ್ನೂ ಪೂರೈಸಿದವನಿಗೆ ಕೆಲಸಗಾರನ ನಿಷ್ಠೆಯನ್ನು ನಿರೀಕ್ಷಿಸುವ ಅಧಿಕಾರ. "ಹುಡುಗರಿಗೆ ಮನಸ್ಸಿಲ್ಲ" ಎಂಬ ತೀರ್ಪನ್ನು ಬರೆಯುವ ಮುನ್ನ ಈ ಎರಡು ಖಾತೆಗಳನ್ನು ತೆರೆದು, ನಮ್ಮ ಕಡೆಯ ಬಾಕಿ ಎಷ್ಟಿದೆಯೆಂದು ನೋಡಿಕೊಳ್ಳುವುದು ಲೆಕ್ಕದ ಕ್ರಮವೂ ಹೌದು, ನ್ಯಾಯದ ಕ್ರಮವೂ ಹೌದು. ಸದಸ್ಯ ಬಾಂಧವರು ಮೇಲೆ ಹೇಳಿದ ವಹಿಯನ್ನು ಈ ಆರ್ಥಿಕ ವರ್ಷದಿಂದಲೇ ಆರಂಭಿಸುವರೆಂದು ಆಶಿಸುತ್ತೇನೆ.